ಕಾರವಾರದಲ್ಲಿದ್ದುಕೊಂಡೇ ಅರ್ಥಶಾಸ್ತ್ರದ ಪಾಠ, ಸಂಶೋಧನೆ ಎರಡೂ ಆಗುತ್ತದಾ?

ಪ್ರಶ್ನೆ: ನನಗೆ 27 ವರ್ಷ. ಊರು ಅಂಕೋಲಾ ಹತ್ತಿರ. ಧಾರವಾಡದಲ್ಲಿ ಅರ್ಥಶಾಸ್ತ್ರ ಎಂ.ಎ. ಮುಗಿಸಿ ಕಾರವಾರದ ಕಡೆಯ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ನೆಟ್ (ಉಪನ್ಯಾಸಕ ಹುದ್ದೆಯ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಇನ್ನೂ ಆಗಿಲ್ಲ. ಪಿಎಚ್.ಡಿ. ಮಾಡುವ ಆಸೆಯಿದೆ. ಆದರೆ ಇಲ್ಲಿ ಒಳ್ಳೆಯ ಲೈಬ್ರರಿ ಇಲ್ಲ, ಜೊತೆಗೆ ಚರ್ಚೆ ಮಾಡುವವರಿಲ್ಲ. "ಸಂಶೋಧನೆ ಬೇಕಿದ್ದರೆ ಬೆಂಗಳೂರಿಗೆ ಹೋಗು" ಎಂದು ಹಿರಿಯ ಸಹೋದ್ಯೋಗಿಗಳು ಹೇಳುತ್ತಾರೆ. ಮನೆಯಲ್ಲಿ ಬ್ಯಾಂಕ್ ಪರೀಕ್ಷೆ ಬರೆಯಲು ಒತ್ತಾಯ. ಈ ಜಿಲ್ಲೆಯಲ್ಲೇ ಇದ್ದು ಪಾಠ ಮತ್ತು ಸಂಶೋಧನೆ ಎರಡನ್ನೂ ಮಾಡಬಹುದಾ?

ಉತ್ತರ: ಮಾಡಬಹುದು. ಬೆಂಗಳೂರಿನಲ್ಲಿ ಕೂತವರಿಗೆ ಸಿಗದ ಒಂದು ಅನುಕೂಲವೂ ನಿಮಗಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಹೊಟ್ಟೆಪಾಡಿನ ಮಾತು ಮುಗಿಸೋಣ. ಅದು ಬಗೆಹರಿಯದೆ ಸಂಶೋಧನೆಯ ಮಾತಾಡಿದರೆ ಸುಮ್ನೆ ಉಪದೇಶವಾಗುತ್ತದೆ.

ಅತಿಥಿ ಉಪನ್ಯಾಸಕರ ಕೆಲಸವನ್ನು ನಂಬಿ ವರ್ಷ ಕಳೆಯಬೇಡಿ. ಪ್ರತಿ ವರ್ಷ ಹೊಸದಾಗಿ ಅರ್ಜಿ, ಹೊಸದಾಗಿ ಕೌನ್ಸೆಲಿಂಗ್, ರಜೆಯ ತಿಂಗಳಿನಲ್ಲಿ ಸಂಬಳವಿಲ್ಲ. ಇದು ನಿಮಗೇ ಗೊತ್ತು. ಪದವಿ ಕಾಲೇಜಿನ ಖಾಯಂ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಬೇಕಾಗಿದ್ದು ಎಂ.ಎ.ಯಲ್ಲಿ ಶೇ. 55 ಅಂಕ (ಮೀಸಲಾತಿ ವರ್ಗಗಳಿಗೆ ಶೇ. 50), ಜೊತೆಗೆ ನೆಟ್ ಅಥವಾ ಕೆ-ಸೆಟ್ (ರಾಜ್ಯದ ಅರ್ಹತಾ ಪರೀಕ್ಷೆ). ನಿಯಮದ ಪ್ರಕಾರ ಮಾಡಿದ ಪಿಎಚ್.ಡಿ. ಇದ್ದರೆ ನೆಟ್ ಬೇಡ. ಆದರೆ ಪಿಎಚ್.ಡಿ.ಗೆ ಕಡಿಮೆಯೆಂದರೂ ಮೂರು ವರ್ಷ ಬೇಕು, ನೆಟ್‌ಗೆ ಕೆಲವು ತಿಂಗಳ ಗಟ್ಟಿ ಓದು ಸಾಕು. ನಡುವೆ ವಿಶ್ವವಿದ್ಯಾಲಯದ ಹುದ್ದೆಗೆ ಪಿಎಚ್.ಡಿ. ಕಡ್ಡಾಯ ಎಂಬ ಮಾತು ಬಂದಿತ್ತು. 2023ರ ಜುಲೈಯಿಂದ ಅದನ್ನು ಕೈಬಿಟ್ಟು ನೆಟ್, ಸೆಟ್‌ಗಳನ್ನೇ ಕನಿಷ್ಠ ಅರ್ಹತೆ ಎಂದು ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಹೇಳಿತು. ಹಾಗಾಗಿ ಮೊದಲು ಪರೀಕ್ಷೆ, ಆಮೇಲೆ ಪಿಎಚ್.ಡಿ.

ನೆಟ್‌ನಲ್ಲಿ ಅರ್ಥಶಾಸ್ತ್ರದವರು ಎಡವುವುದು ಎಲ್ಲಿ ಅಂತ ಗೊತ್ತಾ? ಎರಡನೇ ಪತ್ರಿಕೆಯ ಪಠ್ಯದಲ್ಲಿ ಹತ್ತು ಘಟಕಗಳಿವೆ. ಅದರಲ್ಲಿ ಒಂದು ಸಂಖ್ಯಾಶಾಸ್ತ್ರ ಮತ್ತು ಎಕನೊಮೆಟ್ರಿಕ್ಸ್, ಇನ್ನೊಂದು ಗಣಿತ ಅರ್ಥಶಾಸ್ತ್ರ. ನಮ್ಮ ಕಡೆಯ ಬಿ.ಎ. ವಿದ್ಯಾರ್ಥಿಗಳು ಪಿಯುಸಿಯಲ್ಲೇ ಗಣಿತ ಬಿಟ್ಟಿರುತ್ತಾರೆ, ಎಂ.ಎ.ಯಲ್ಲೂ ಆದಷ್ಟು ತಪ್ಪಿಸಿಕೊಂಡು ಬಂದಿರುತ್ತಾರೆ. ಈ ಎರಡು ಘಟಕ ಬಿಟ್ಟರೆ ಐದನೇ ಒಂದು ಪಾಲು ಪಠ್ಯ ಕೈಬಿಟ್ಟಂತೆ. ಅದೂ ಅಲ್ಲದೆ ಸೂಕ್ಷ್ಮ, ಸ್ಥೂಲ ಅರ್ಥಶಾಸ್ತ್ರ ಎರಡರ ಪ್ರಶ್ನೆಗಳಲ್ಲೂ ಲೆಕ್ಕ ಇರುತ್ತದೆ. ದಿನಕ್ಕೆ ಒಂದು ಗಂಟೆ ಅವಕಲನ, ಮ್ಯಾಟ್ರಿಕ್ಸ್, ರಿಗ್ರೆಶನ್ ಸಮೀಕರಣ ಮಾಡಿ. ಓದುವುದಲ್ಲ, ಪೆನ್ನು ಹಿಡಿದು ಮಾಡಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಬರುತ್ತದೆ. ಕೆ-ಸೆಟ್‌ನಲ್ಲಿ ಕನ್ನಡವೂ ಇದೆ. ಎರಡನ್ನೂ ಬರೆಯಿರಿ, ಓದು ಒಂದೇ.

2024ರ ಜೂನ್‌ನಿಂದ ನೆಟ್ ಫಲಿತಾಂಶದಲ್ಲಿ ಮೂರು ದರ್ಜೆ ಮಾಡಿದ್ದಾರೆ. ಮೇಲಿನವರಿಗೆ ಜೆಆರ್‌ಎಫ್, ಅಂದರೆ ಫೆಲೋಶಿಪ್. ಅದರ ಕೆಳಗಿನವರಿಗೆ ಸಹಾಯಕ ಪ್ರಾಧ್ಯಾಪಕ ಅರ್ಹತೆ ಮತ್ತು ಪಿಎಚ್.ಡಿ. ಪ್ರವೇಶ. ಮೂರನೆಯವರಿಗೆ ಪಿಎಚ್.ಡಿ. ಪ್ರವೇಶ ಮಾತ್ರ. ಜೆಆರ್‌ಎಫ್ ಬಂದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮನೆ ಬಾಡಿಗೆ ಭತ್ಯೆ ಬೇರೆ. ಇದು ಪೂರ್ಣಾವಧಿ ಸಂಶೋಧನೆಗೆ ಕೊಡುವ ಹಣ, ಅತಿಥಿ ಉಪನ್ಯಾಸಕಿ ಕೆಲಸ ಬಿಡಬೇಕಾಗುತ್ತದೆ. ನನ್ನನ್ನು ಕೇಳಿದರೆ ಬಿಡಿ. ಹೋಗುವುದಕ್ಕಿಂತ ಬರುವುದೇ ಜಾಸ್ತಿ.

ಖಾಯಂ ಹುದ್ದೆಯ ನೇಮಕಾತಿ ನಮ್ಮ ರಾಜ್ಯದಲ್ಲಿ ಯಾವಾಗ ಬರುತ್ತದೆಂದು ಹೇಳಲಾಗದು. ಸರಕಾರಿ ಪ್ರಥಮ ದರ್ಜೆ ಕಾಲೇಜುಗಳ 1,242 ಹುದ್ದೆಗೆ 2021ರಲ್ಲಿ ಅಧಿಸೂಚನೆ ಬಂತು, 2022ರ ಮಾರ್ಚ್‌ನಲ್ಲಿ ಪರೀಕ್ಷೆಯಾಯಿತು. ಇಂಥ ಬಾಗಿಲು ತೆರೆಯುವ ದಿನ ನಿಮ್ಮ ಕೈಯಲ್ಲಿ ಅರ್ಹತೆ ಇರಬೇಕು. ಒಳಗೆ ಹೋದ ಮೇಲೆ ಯುಜಿಸಿ ವೇತನ 57,700ರಿಂದ ಶುರು, ಭತ್ಯೆ ಸೇರಿ ಇನ್ನೂ ಜಾಸ್ತಿ. ಮೊದಲ ಬಡ್ತಿಗೆ ಪಿಎಚ್.ಡಿ. ಇದ್ದವರಿಗೆ ನಾಲ್ಕು ವರ್ಷ, ಇಲ್ಲದವರಿಗೆ ಆರು ವರ್ಷ ಸೇವೆ ಬೇಕು. ಪಿಯು ಉಪನ್ಯಾಸಕಿ ಆಗುವ ದಾರಿಯೂ ಇದೆ. ಆದರೆ ಅದಕ್ಕೆ ಬಿ.ಇಡಿ. ಬೇಕು. ನಿಮಗೆ ಸಂಶೋಧನೆಯ ಆಸೆಯಿದ್ದರೆ ಅತ್ತ ತಿರುಗಬೇಡಿ.

ಇನ್ನು ನಿಮ್ಮ ಅಸಲಿ ಪ್ರಶ್ನೆ.

"ಇಲ್ಲಿ ಏನಿದೆ ಸಂಶೋಧನೆಗೆ" ಎನ್ನುವವರು ಸಂಶೋಧನೆಯೆಂದರೆ ಲೈಬ್ರರಿ ಎಂದುಕೊಂಡಿದ್ದಾರೆ. ಲೈಬ್ರರಿ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಇಂದು ಅದು ಅರ್ಧ ಫೋನಿನಲ್ಲೇ ಇದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಗಳ ಮೂಲ ದತ್ತಾಂಶ ಉಚಿತವಾಗಿ ಸಿಗುತ್ತದೆ. ರಿಸರ್ವ್ ಬ್ಯಾಂಕಿನ ಅಂಕಿಅಂಶ ಸಿಗುತ್ತದೆ. ಎಪಿಎಂಸಿಗಳ ದಿನದ ಧಾರಣೆ ಸಿಗುತ್ತದೆ. ಆರ್, ಗ್ರೆಟ್ಲ್ ತರಹದ ಸಾಫ್ಟ್‌ವೇರ್‌ಗೆ ಒಂದು ಪೈಸೆ ಕೊಡಬೇಕಿಲ್ಲ. ಫೋನಿನಲ್ಲಿ ಸಿಗದ್ದು ಒಂದೇ. ಒಂದೇ ಊರಿಗೆ, ಒಂದೇ ಮನೆಗಳಿಗೆ, ವರ್ಷ ವರ್ಷ ಹೋಗಿ ಕೇಳಿದ ಲೆಕ್ಕ. ಬೆಂಗಳೂರಿನ, ದಿಲ್ಲಿಯ ಸಂಶೋಧಕರು ಎರಡು ವಾರಕ್ಕೆ ಬಂದು ಪ್ರಶ್ನಾವಳಿ ತುಂಬಿಸಿಕೊಂಡು ಹೋಗುತ್ತಾರೆ. ಪ್ರಾಜೆಕ್ಟ್ ಮುಗಿದರೆ ಮತ್ತೆ ಬರುವುದಿಲ್ಲ. ನೀವು ಇಲ್ಲೇ ಇರುತ್ತೀರಿ. ಇಪ್ಪತ್ತೈದು, ಮೂವತ್ತು ವರ್ಷ ಇರುತ್ತೀರಿ. ಸಣ್ಣ ಊರಿನ ಉಪನ್ಯಾಸಕರ ಬಂಡವಾಳ ಇದೇ. ನಮ್ಮಲ್ಲಿ ಬಹಳ ಜನ ಇದನ್ನು ಬಳಸದೆ ನಿವೃತ್ತರಾಗುತ್ತಾರೆ ಎನ್ನುವುದು ಬೇಸರದ ಮಾತು.

ಇದು ಹೊಸ ವಿಚಾರವೇನಲ್ಲ. 1916ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಪ್ರಾಧ್ಯಾಪಕ ಗಿಲ್ಬರ್ಟ್ ಸ್ಲೇಟರ್ ತಮ್ಮ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟರು. ಹಳ್ಳಿಗಳಿಗೆ ಹೋಗಿ, ಯಾರ ಬಳಿ ಎಷ್ಟು ಭೂಮಿ, ಕೂಲಿ ಎಷ್ಟು, ಸಾಲ ಎಷ್ಟು ಎಂದು ಬರೆದು ತನ್ನಿ ಅಂತ. ಆ ಹುಡುಗರು ಬರೆದು ತಂದರು. 1930ರ ದಶಕದಲ್ಲಿ ಬೇರೆ ಅಧ್ಯಾಪಕರು ಅದೇ ಹಳ್ಳಿಗಳಿಗೆ ಮತ್ತೆ ಹೋದರು. ಆಮೇಲಿನ ದಶಕಗಳಲ್ಲೂ ಹೋದರು. ದಕ್ಷಿಣ ಭಾರತದ ಹಳ್ಳಿಗಳು ನೂರು ವರ್ಷದಲ್ಲಿ ಹೇಗೆ ಬದಲಾದವು ಎಂದು ಬರೆಯುವವರು ಇವತ್ತಿಗೂ ಆ ಲೆಕ್ಕದಿಂದ ಶುರು ಮಾಡುತ್ತಾರೆ. ಉತ್ತರ ಪ್ರದೇಶದ ಪಾಲನ್‌ಪುರ ಎಂಬ ಹಳ್ಳಿಯೂ ಹಾಗೇ. 1957–58ರಿಂದ ಮತ್ತೆ ಮತ್ತೆ ಹೋಗಿ ಅಳೆದದ್ದಕ್ಕೇ ಅದು ಹೆಸರಾಯಿತು, ಊರು ವಿಶೇಷ ಅಂತ ಅಲ್ಲ.

ನಮ್ಮ ಜಿಲ್ಲೆಯಲ್ಲೇ ಒಂದು ಉದಾಹರಣೆ ಇದೆ, ಅರ್ಥಶಾಸ್ತ್ರದ್ದಲ್ಲದಿದ್ದರೂ. ಕುಮಟಾದ ಬಾಳಿಗಾ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಎಂ.ಡಿ. ಸುಭಾಷ್ ಚಂದ್ರನ್ ಇಲ್ಲಿಯ ಕಾನು (ದಟ್ಟ ಹಸಿರು ಕಾಡು), ದೇವರಕಾಡುಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಪಶ್ಚಿಮ ಘಟ್ಟದ ಕಾಡಿನ ಚರಿತ್ರೆ ಬರೆಯುವವರು ಅವರನ್ನು ಬಿಟ್ಟು ಬರೆಯಲಾಗದು. ಅಘನಾಶಿನಿ ಅಳಿವೆಯ ಬಳಚಿನ (ಚಿಪ್ಪುಮೀನಿನ) ಆರ್ಥಿಕ ಮೌಲ್ಯ ಎಷ್ಟೆಂದು ಲೆಕ್ಕ ಹಾಕಿದವರಲ್ಲೂ ಅವರಿದ್ದರು. ಹೊಳೆಯಲ್ಲಿ ಸೊಂಟದವರೆಗೆ ನಿಂತು ಬಳಚು ಹೆಕ್ಕುವ ಕುಟುಂಬಗಳ ದುಡಿಮೆ ಯಾವ ಸರಕಾರಿ ಲೆಕ್ಕದಲ್ಲೂ ಸರಿಯಾಗಿ ಬರುವುದಿಲ್ಲ. ಅದನ್ನು ಲೆಕ್ಕಕ್ಕೆ ತಂದವರು ಜೀವಶಾಸ್ತ್ರದವರು. ಅರ್ಥಶಾಸ್ತ್ರದ ನಾವು ಎಲ್ಲಿದ್ದೆವು? ಆ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿದೆ. ಇನ್ನು ಮುಂದೆ ಅಲ್ಲಿ ಯಾರ ಆದಾಯ ಏರಿತು, ಯಾರದ್ದು ಇಳಿಯಿತು ಎಂದು ಕೇಳಲು ಯಾರಾದರೂ ಬೇಕಲ್ಲ.

ಹಾಗಾದರೆ ವಿಷಯ ಹೇಗೆ ಆರಿಸುವುದು? "ಉತ್ತರ ಕನ್ನಡ ಜಿಲ್ಲೆಯ ಆರ್ಥಿಕ ಅಭಿವೃದ್ಧಿ: ಒಂದು ಅಧ್ಯಯನ" ಎಂಬಂಥ ಶೀರ್ಷಿಕೆ ದಯವಿಟ್ಟು ಬೇಡ. ಇಂಥ ಪ್ರಬಂಧಗಳಲ್ಲಿ ಮೊದಲ ನಾಲ್ಕು ಅಧ್ಯಾಯ ಜಿಲ್ಲೆಯ ಅಂಕಿಅಂಶದ ಪುಸ್ತಕದ ನಕಲು, ಐದನೆಯದು ಶೇಕಡಾವಾರು ಕೋಷ್ಟಕ, ಆರನೆಯದು ಸರಕಾರಕ್ಕೆ ಸಲಹೆ. ಸಣ್ಣ ಪ್ರಶ್ನೆ ಇರಲಿ, ಉತ್ತರ ಹೀಗೂ ಬರಬಹುದು ಹಾಗೂ ಬರಬಹುದು ಎನ್ನುವಂತಿರಲಿ.

ಶಿರಸಿಯ ಅಡಿಕೆಯನ್ನೇ ತೆಗೆದುಕೊಳ್ಳಿ. ಕಾಯಿ ಎಳೆಯದಾಗಿದ್ದಾಗ ಕೊಯ್ದು, ಸುಲಿದು, ಬೇಯಿಸಿದರೆ ಕೆಂಪಡಿಕೆ. ಹಣ್ಣಾಗಲು ಬಿಟ್ಟು, ಒಣಗಿಸಿ ಸುಲಿದರೆ ಚಾಲಿ. ರೈತ ಈ ನಿರ್ಧಾರ ಮಾಡುವುದು ಮಾರುವುದಕ್ಕೆ ತಿಂಗಳುಗಳ ಮೊದಲು. ಆಗ ಅವನ ತಲೆಯಲ್ಲಿ ಏನಿರುತ್ತದೆ? ಕಳೆದ ವರ್ಷದ ದರವಾ, ಈ ವಾರದ ದರವಾ, ಕೊನೆಗೌಡ (ಮರ ಹತ್ತಿ ಅಡಿಕೆ ಕೊಯ್ಯುವವನು) ಯಾವಾಗ ಸಿಗುತ್ತಾನೆ ಎಂಬುದಾ, ಸೊಸೈಟಿಯಲ್ಲಿ ಸಾಲ ಎಷ್ಟಿದೆ ಎಂಬುದಾ? ಪಠ್ಯಪುಸ್ತಕದಲ್ಲಿ ನಿರೀಕ್ಷೆಗಳ ಬಗ್ಗೆ ಒಂದು ಅಧ್ಯಾಯವೇ ಇದೆ. ಇಲ್ಲಿ ಅದನ್ನು ಪರೀಕ್ಷೆ ಮಾಡಬಹುದು. ಅಡಿಕೆ ಬೆಳೆಗಾರರ ಸಹಕಾರಿ ಮಾರಾಟ ಸಂಘವಾದ ತೋಟಗಾರ್ಸ್ ಸೊಸೈಟಿ 1923ರಿಂದ ಇದೆ. ಟೆಂಡರಿನಲ್ಲಿ ರಾಶಿ, ಬೆಟ್ಟೆ, ಚಾಲಿ, ಗೋಟು ಎಂದು ದರ್ಜೆವಾರು ದರ ದಿನವೂ ಹೊರಬೀಳುತ್ತದೆ. ಇಷ್ಟು ಸ್ವಚ್ಛವಾದ ದರದ ದಾಖಲೆ ಎಷ್ಟು ಬೆಳೆಗಳಿಗೆ ಸಿಗುತ್ತದೆ ಹೇಳಿ. ಕೊನೆಗೌಡರ ಕೂಲಿ ಒಂದು ಅಡಿಕೆ ಗೊನೆಗೆ ಇಷ್ಟು ಎಂದು ಲೆಕ್ಕ. ದಿನಗೂಲಿಗೂ ಇದಕ್ಕೂ ವ್ಯತ್ಯಾಸ ಏನು, ಅಪಾಯದ ಬೆಲೆ ಅದರೊಳಗೆ ಎಷ್ಟು ಸೇರಿದೆ ಎನ್ನುವುದು ಇನ್ನೊಂದು ಪ್ರಬಂಧ.

ಸೊಪ್ಪಿನ ಬೆಟ್ಟವನ್ನಂತೂ, ಅಂದರೆ ತೋಟದ ಗೊಬ್ಬರಕ್ಕೆ ಸೊಪ್ಪು ಕಡಿಯುವ ಕಾಡನ್ನು, ಮರೆಯಬೇಡಿ. ನೆಲ ಸರಕಾರದ್ದು, ಸೊಪ್ಪು ತರುವ ಸೌಲಭ್ಯ ತೋಟದವರದ್ದು. ಎಲಿನಾರ್ ಆಸ್ಟ್ರಮ್‌ಗೆ 2009ರಲ್ಲಿ ನೊಬೆಲ್ ಬಂದದ್ದು ಇಂಥದೇ ಪ್ರಶ್ನೆಗೆ: ಹತ್ತಾರು ಜನ ಸೇರಿ ಬಳಸುವ ಸಂಪನ್ಮೂಲ ಯಾವಾಗ ಉಳಿಯುತ್ತದೆ, ಯಾವಾಗ ಹಾಳಾಗುತ್ತದೆ? ಒಂದೇ ಸೀಮೆಯಲ್ಲಿ ಒಂದು ಬೆಟ್ಟ ಹಸಿರಾಗಿದೆ, ಪಕ್ಕದ್ದು ಬೋಳಾಗಿದೆ. ಯಾಕೆ? ಅಘನಾಶಿನಿ ದಂಡೆಯ ಗಜನಿಯಲ್ಲೂ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಇದೇ ಪ್ರಶ್ನೆ. ಮಳೆಗಾಲದಲ್ಲಿ ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ, ಆಮೇಲೆ ಮೀನು, ಸಿಗಡಿ. ಒಡ್ಡು ಕಾಯುವ ಕೆಲಸ ಎಲ್ಲರೂ ಕೂಡಿ ಮಾಡಬೇಕು. ಸಿಗಡಿಯ ದುಡ್ಡು ಏರಿದ ಮೇಲೆ ಭತ್ತ ಬಿಟ್ಟವರು ಯಾರು, ಇಟ್ಟುಕೊಂಡವರು ಯಾರು? ಭೂಮಾಲೀಕರೋ ಗೇಣಿಗೆ ಮಾಡುತ್ತಿದ್ದವರೋ? ನಾನಾಗಿದ್ದರೆ ಈಗ ಹೊಸದಾಗಿ ಪಿಎಚ್.ಡಿ. ಶುರು ಮಾಡುವುದಿದ್ದರೆ ಇದನ್ನೇ ಹಿಡಿಯುತ್ತಿದ್ದೆ.

ನೀವು ಕರಾವಳಿಯವರು, ಮೀನಿಗೆ ಹತ್ತಿರ ಇದ್ದೀರಿ. 1970ರ ದಶಕದ ಕೊನೆಯಲ್ಲಿ ಪರ್ಸಿನ್ (ದೊಡ್ಡ ಸುತ್ತುಬಲೆಯ) ಬೋಟುಗಳು ಬಂದು ರಂಪಣಿಯನ್ನು ಮೂಲೆಗೆ ತಳ್ಳಿದ ಕಥೆ ಮನೆಯ ಹಿರಿಯರ ಬಾಯಲ್ಲಿ ಕೇಳಿರಬಹುದು. ರಂಪಣಿಯೆಂದರೆ ಊರಿನ ಹತ್ತಾರು ಜನ ದಡದಿಂದ ಎಳೆಯುತ್ತಿದ್ದ ಬಲೆ, ಬಂದ ಮೀನಿನಲ್ಲಿ ಎಲ್ಲರಿಗೂ ಪಾಲು. ಪಾಲಿನ ಪದ್ಧತಿ ಹೋಗಿ ಬೋಟಿನ ಮಾಲೀಕ, ಕೂಲಿಯಾಳು ಎಂಬ ಸಂಬಂಧ ಬಂದಾಗ ಆದಾಯದ ಹಂಚಿಕೆ ಹೇಗೆ ಬದಲಾಯಿತು? ಆ ಕಾಲ ಕಂಡವರು ಈಗ ಎಪ್ಪತ್ತು ದಾಟಿದ್ದಾರೆ. ಕೇಳುವುದಿದ್ದರೆ ಬೇಗ ಕೇಳಬೇಕು. ಎಷ್ಟು ಮೀನು ಬಂತು ಎಂಬ ಅಂದಾಜು ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿದೆ, ಅವರ ಕೇಂದ್ರ ಕಾರವಾರದಲ್ಲೇ ಇದೆ. ಒಂದು ದಿನ ಹೋಗಿ ಮಾತಾಡಿ ಬನ್ನಿ.

ಪಾಠದ ಮಾತು. ವಾರಕ್ಕೆ ಹದಿನಾರು ಗಂಟೆ ಪಾಠವಿದ್ದರೆ ಸಂಶೋಧನೆಗೆ ಸಮಯ ಎಲ್ಲಿ ಎನ್ನುತ್ತೀರಿ. ಎರಡನ್ನೂ ಬೇರೆ ಇಟ್ಟರೆ ಖಂಡಿತ ಇಲ್ಲ. ಒಂದರ ಹೊಟ್ಟೆಯಲ್ಲಿ ಇನ್ನೊಂದನ್ನು ಇಡಬೇಕು. ಅತಿ ಅಲ್ಪಾವಧಿಯ (ಬಂದಷ್ಟೇ ಸರಕು, ತಕ್ಷಣ ಹೆಚ್ಚಿಸಲಾಗದ) ಪೂರೈಕೆ ಕಲಿಸುವಾಗ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರ ಗ್ರಂಥದಲ್ಲಿ ಕೊಟ್ಟ ಉದಾಹರಣೆಯೇ ಮೀನಿನದ್ದು. ನಮ್ಮ ಮಕ್ಕಳು ಅದನ್ನು ನೋಟ್ಸಿನಿಂದ ಬಾಯಿಪಾಠ ಮಾಡುತ್ತಾರೆ, ಬೈತಖೋಲ್ ಬಂದರು ಕಾಲೇಜಿನಿಂದ ಕೂಗಳತೆಯಲ್ಲಿದ್ದರೂ! ಒಂದು ಬೆಳಿಗ್ಗೆ ಹರಾಜಿಗೆ ಕರೆದುಕೊಂಡು ಹೋಗಿ. ಮೊದಲ ಬೋಟು ಬಂದಾಗ ಬಂಗಡೆಯ ಬುಟ್ಟಿಗೆ ಎಷ್ಟು, ಹತ್ತನೆಯ ಬೋಟು ಬಂದಾಗ ಎಷ್ಟು ಎಂದು ಬರೆಸಿ. ಮರುದಿನ ಬೋರ್ಡಿನ ಮೇಲೆ ನೆಟ್ಟಗೆ ನಿಂತ ಪೂರೈಕೆ ರೇಖೆ ಎಳೆದರೆ ವಿವರಣೆಯೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆ 61 ದಿನ ದರ, ಒಣಮೀನಿನ ವ್ಯಾಪಾರ, ಮನೆಮನೆಯ ಸಾಲ ಎಲ್ಲವೂ ಬದಲಾಗುತ್ತವೆ. ಪ್ರತಿ ವರ್ಷದ ಬ್ಯಾಚು ಅದೇ ಮಾರುಕಟ್ಟೆಯಲ್ಲಿ ಅದೇ ಪ್ರಶ್ನೆ ಕೇಳಿ ಬರೆದರೆ ಹತ್ತು ವರ್ಷಕ್ಕೆ ನಿಮ್ಮ ಬಳಿ ಯಾರ ಬಳಿಯೂ ಇಲ್ಲದ ಸರಣಿ ಇರುತ್ತದೆ. ಒಂದೇ ಎಚ್ಚರಿಕೆ: ಪ್ರಶ್ನೆ ಬದಲಿಸಬೇಡಿ, ಅಳತೆ ಬದಲಿಸಬೇಡಿ. ಈ ವರ್ಷ ಬುಟ್ಟಿ, ಮುಂದಿನ ವರ್ಷ ಕಿಲೋ ಎಂದರೆ ಎಲ್ಲ ವ್ಯರ್ಥ.

ಸಿಲಬಸ್ ಬದಲಾಗುತ್ತದೆ, ಅದಕ್ಕೆ ಹೆದರಬೇಡಿ. 2021ರಲ್ಲಿ ಹೊಸ ಶಿಕ್ಷಣ ನೀತಿ ಬಂತು, ಎಲ್ಲ ಪತ್ರಿಕೆಗಳ ಹೆಸರು ಬದಲಾಯಿತು. 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಹೋದೆವು, ಮತ್ತೆ ಬದಲಾಯಿತು. ಬೇಡಿಕೆ, ಪೂರೈಕೆ ಎಲ್ಲಿಗೂ ಹೋಗಲಿಲ್ಲ. ಬಿ.ಎ.ಗೆ ಬರುವವರು ಕಡಿಮೆಯಾಗಿ ಬಿ.ಕಾಂ.ಗೆ ಸಾಲು ನಿಲ್ಲುತ್ತಿದ್ದಾರೆ ಎನ್ನುವುದು ಮಾತ್ರ ನಿಜವಾದ ಚಿಂತೆ. ವಿದ್ಯಾರ್ಥಿಗಳಿಲ್ಲದಿದ್ದರೆ ಹುದ್ದೆ ಉಳಿಯುವುದಿಲ್ಲ. ಬಂದರಿಗೆ, ಅಡಿಕೆ ವಖಾರಿಗೆ ಕರೆದುಕೊಂಡು ಹೋಗುವ ಮೇಡಂ ಇದ್ದಾರೆ ಎಂದು ಗೊತ್ತಾದರೆ ನಾಲ್ಕು ಜನ ಜಾಸ್ತಿ ಬರುತ್ತಾರೆ.

ಮನೆ ಸಮೀಕ್ಷೆ ಮಾಡುವಾಗ ಒಂದು ಮಾತು ನೆನಪಿಡಿ. ಮೀನು ಮಾರುವ ಹೆಂಗಸಿಗೆ "ತಿಂಗಳ ಆದಾಯ ಎಷ್ಟು" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ, ಸಿಕ್ಕರೂ ಉಪಯೋಗವಿಲ್ಲ. ಅವಳು ಆದಾಯವನ್ನು ತಿಂಗಳಿನಲ್ಲಿ ಎಣಿಸುವುದೇ ಇಲ್ಲ. ಇವತ್ತು ಬುಟ್ಟಿ ಎಷ್ಟಕ್ಕೆ ಕೊಂಡಿರಿ, ಐಸಿಗೆ ಎಷ್ಟು, ಟೆಂಪೋಗೆ ಎಷ್ಟು, ಉಳಿದದ್ದನ್ನು ಏನು ಮಾಡಿದಿರಿ ಎಂದು ಕೇಳಿ. ಲೆಕ್ಕ ನೀವು ಮಾಡಿ. ತೋಟದವರ ಬಳಿ ಹೋದರೆ ಬಾಯಿಮಾತಿಗಿಂತ ಸೊಸೈಟಿ ಪಾಸ್‌ಬುಕ್ ನೋಡಲು ಕೇಳಿ, ನಂಬಿಕೆ ಬಂದವರು ತೋರಿಸುತ್ತಾರೆ. ಇನ್ನೊಂದು, ರಾಷ್ಟ್ರೀಯ ಸಮೀಕ್ಷೆಯ ಹಳೆಯ ಸುತ್ತುಗಳಲ್ಲಿ ನಮ್ಮ ಜಿಲ್ಲೆಯ ಮನೆಗಳು ಬಹಳ ಕಡಿಮೆ. ಅದರಿಂದ ಜಿಲ್ಲೆಯ ಬಡತನದ ಪ್ರಮಾಣ ಲೆಕ್ಕ ಹಾಕಿ ಪ್ರಕಟಿಸಬೇಡಿ. ಹಾಗೆ ಮಾಡಿದ ಲೇಖನಗಳನ್ನು ನೋಡಿದ್ದೇನೆ, ತಿಳಿದವರು ನಗುತ್ತಾರೆ.

ಮಾರ್ಗದರ್ಶಕರು ಧಾರವಾಡದಲ್ಲಿ ಸಿಗುತ್ತಾರೆ. ನಮ್ಮ ಕಾಲೇಜುಗಳೆಲ್ಲ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗೇ ಇವೆ. ಬಹುಶಿಸ್ತೀಯ ಅಭಿವೃದ್ಧಿ ಸಂಶೋಧನಾ ಕೇಂದ್ರವೂ ಅಲ್ಲೇ ಇದೆ. ಪೂರ್ಣಾವಧಿ ಹೋಗುವ ಅವಕಾಶ ಇದ್ದರೆ ಬೆಂಗಳೂರಿನ ಐಸೆಕ್‌ಗೂ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಸಂಸ್ಥೆ) ಅರ್ಜಿ ಹಾಕಿ. ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಸಂಸ್ಥೆ, ಅಲ್ಲಿಯ ಕೋರ್ಸ್‌ವರ್ಕ್ ಗಟ್ಟಿ. ಮೂರು ನಾಲ್ಕು ವರ್ಷ ಅಲ್ಲಿದ್ದು ವಿಧಾನ ಕಲಿತು, ಕ್ಷೇತ್ರವನ್ನು ಇಲ್ಲಿಯೇ ಇಟ್ಟುಕೊಳ್ಳಬಹುದು. ಖಾಯಂ ಕೆಲಸ ಸಿಕ್ಕಿದ್ದರೆ ಕಾಲೇಜಿನ ಒಪ್ಪಿಗೆ ಪತ್ರ ತಂದು ಅರೆಕಾಲಿಕವಾಗಿ ಮಾಡಬಹುದು, ಆಗ ತಿಂಗಳಿಗೊಮ್ಮೆ ಅರಬೈಲ್ ಘಟ್ಟ ಹತ್ತಿದರೆ ಸಾಕು. ಆರು ವರ್ಷದೊಳಗೆ ಮುಗಿಸಬೇಕು, ಮಹಿಳೆಯರಿಗೆ ಹೆಚ್ಚುವರಿ ಎರಡು ವರ್ಷ ಸಿಗುತ್ತದೆ, 240 ದಿನದವರೆಗೆ ಹೆರಿಗೆ ರಜೆಯೂ ಇದೆ. ಮಾರ್ಗದರ್ಶಕರನ್ನು ಆರಿಸುವಾಗ ಅವರ ಹೆಸರು ಎಷ್ಟು ದೊಡ್ಡದು ಎಂದು ನೋಡಬೇಡಿ. ಅವರ ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷದಲ್ಲಿ ಮುಗಿಸಿದರು, ಕರಡು ಕೊಟ್ಟರೆ ಓದಿ ಕೊಡುತ್ತಾರಾ ಎಂದು ವಿಚಾರಿಸಿ.

ದುಡ್ಡು ಕೊಟ್ಟರೆ ಹತ್ತು ದಿನದಲ್ಲಿ ಲೇಖನ ಅಚ್ಚು ಹಾಕುವ ಪತ್ರಿಕೆಗಳಿಂದ ನಿಮಗೂ ಮೆಸೇಜು ಬರುತ್ತಿರಬಹುದು. ದೂರ ಇರಿ. ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಲೇಬೇಕು ಎಂಬ ಕಡ್ಡಾಯವನ್ನು 2022ರ ಯುಜಿಸಿ ನಿಯಮದಲ್ಲಿ ತೆಗೆದಿದ್ದಾರೆ. ಮಾನ್ಯ ಪತ್ರಿಕೆಗಳ ಯುಜಿಸಿ-ಕೇರ್ ಪಟ್ಟಿಯನ್ನೂ 2025ರಲ್ಲಿ ನಿಲ್ಲಿಸಿದರು. ಈಗ ಯಾವುದು ಒಳ್ಳೆಯ ಪತ್ರಿಕೆ ಎಂದು ನೀವೇ ತೂಗಿ ನೋಡಬೇಕು. ಮೂರು ವರ್ಷಕ್ಕೆ ಒಂದು ಒಳ್ಳೆಯ ಲೇಖನ ಬಂದರೂ ಸಾಕು. ಅದರ ಸಾರಾಂಶವನ್ನು ಕನ್ನಡದಲ್ಲಿ ಬರೆದು, ನೀವು ಯಾರನ್ನು ಪ್ರಶ್ನೆ ಕೇಳಿದಿರೋ ಅವರ ಕೈಗೆ ಒಂದು ಪ್ರತಿ ಕೊಡಿ. ಮರುವರ್ಷ ಹೋದಾಗ ಬಾಗಿಲು ತೆರೆಯುತ್ತಾರೆ, ನಿಮ್ಮ ಲೆಕ್ಕ ತಪ್ಪಿದ್ದರೆ ಅದನ್ನೂ ಹೇಳುತ್ತಾರೆ.

ಬ್ಯಾಂಕ್ ಪರೀಕ್ಷೆಯ ವಿಷಯ. ಮನೆಯವರದ್ದು ತಪ್ಪು ಎನ್ನಲಾರೆ, ಅವರಿಗೆ ಕಾಣುವುದು ತಿಂಗಳ ಸಂಬಳ. ಬರೆಯುವುದಿದ್ದರೆ ಬರೆಯಿರಿ. ಆದರೆ ಎರಡರ ವಯಸ್ಸಿನ ಲೆಕ್ಕ ಬೇರೆ ಬೇರೆ ಎಂದು ಅವರಿಗೆ ತೋರಿಸಿ. ಬ್ಯಾಂಕ್ ಪಿಒ (ಅಧಿಕಾರಿ ಹುದ್ದೆ) ಪರೀಕ್ಷೆಗೆ ಸಾಮಾನ್ಯ ವರ್ಗಕ್ಕೆ 30 ವರ್ಷದ ಮಿತಿ. ಜೆಆರ್‌ಎಫ್‌ಗೂ 30, ಆದರೆ ಮಹಿಳೆಯರಿಗೆ ಐದು ವರ್ಷ ಸಡಿಲಿಕೆ. ನೆಟ್‌ನ ಉಪನ್ಯಾಸಕ ಅರ್ಹತೆಗೆ ವಯಸ್ಸಿನ ಮಿತಿಯೇ ಇಲ್ಲ. ನಿಮ್ಮ ಮುಂದೆ ಇನ್ನೂ ಹಲವು ನೆಟ್ ಪರೀಕ್ಷೆಗಳಿವೆ, ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಮುಂದಿನದಕ್ಕೆ ಅರ್ಜಿ ಹಾಕಿ, ಇವತ್ತು ಸಂಜೆಯಿಂದ ಸಂಖ್ಯಾಶಾಸ್ತ್ರದ ಘಟಕ ಶುರು ಮಾಡಿ.